ಬೆಂಕಿ ಕಾಯ್ದವರ ಚರಿತ್ರೆ: ಅಗಡಿ ಸೀಮೆಯ ಬಯಲಿನಲ್ಲಿ ಚಕಮಕಿ, ಕುಳ್ಳು ಮತ್ತು ಕಡ್ಡಿಪೆಟ್ಟಿಗೆ

ಬೆಂಕಿಯ ಚರಿತ್ರೆಯನ್ನು ಅದನ್ನು ಹುಟ್ಟಿಸುವ ಸಾಧನಗಳ ಸಾಲಾಗಿ ಹೇಳುವುದು ರೂಢಿ. ಮನುಷ್ಯ ಮೊದಲು ಮರವನ್ನು ಮರಕ್ಕೆ ಮಸೆದ, ಆಮೇಲೆ ಕಲ್ಲಿಗೆ ಉಕ್ಕು ಬಡಿದ, ಕೊನೆಗೆ ಕಡ್ಡಿ ಗೀರಿದ. ಹಾವೇರಿ ತಾಲೂಕಿನ ಅಗಡಿ ಮತ್ತು ಸುತ್ತಲಿನ ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹೊಲ, ಹಟ್ಟಿ, ಕುರಿದೊಡ್ಡಿಗಳಿಗೆ ಈ ಸಾಲನ್ನು ಒಗ್ಗಿಸಿ ನೋಡಿದರೆ ಮುಖ್ಯವಾದುದೇ ಕೈಬಿಟ್ಟುಹೋಗುತ್ತದೆ. ಮಳೆಗಾಳಿಯ ಬಯಲಿನಲ್ಲಿ ಇಲ್ಲಿನ ಜನರನ್ನು ಕಾಪಾಡಿದ್ದು ಬೆಂಕಿ ಹುಟ್ಟಿಸುವ ಜಾಣ್ಮೆಗಿಂತ ಹೆಚ್ಚಾಗಿ, ಹುಟ್ಟಿದ ಬೆಂಕಿಯನ್ನು ಆರದಂತೆ ಕಾಯುವ ಜಾಣ್ಮೆ. ಈ ಲೇಖನದ ವಾದ ಇದೇ.

ನೆಲ ಮತ್ತು ಉರುವಲು

ವರದಾ ನದಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವ ಈ ಸೀಮೆ ಮಲೆನಾಡಿಗೂ ಬಯಲುನಾಡಿಗೂ ನಡುವಿನದು. ಪಶ್ಚಿಮದ ಹಾನಗಲ್ಲಿನಲ್ಲಿ ಜೋರಾಗಿ ಸುರಿಯುವ ಮುಂಗಾರು ರಾಣೆಬೆನ್ನೂರಿನ ಕಡೆ ಬರುವಷ್ಟರಲ್ಲಿ ತೆಳುವಾಗುತ್ತದೆ. ಆದರೆ ಆಷಾಢ, ಶ್ರಾವಣದ ಜಿಟಿಜಿಟಿ ಮಳೆ, ಅದರ ಜತೆಗಿನ ಗಾಳಿ ಎಲ್ಲ ಕಡೆಯೂ ಉರುವಲನ್ನು ತೋಯಿಸುತ್ತವೆ. ದಟ್ಟ ಕಾಡಿಲ್ಲದ ಎರೆಹೊಲದ ಊರುಗಳಲ್ಲಿ ಉರುವಲೆಂದರೆ ಜಾಲಿಯ ಕಟ್ಟಿಗೆ, ಹತ್ತಿಕಟ್ಟಿಗೆ, ಮೆಣಸಿನ ಗಿಡದ ಒಣಕಡ್ಡಿ, ಜೋಳದ ರವದಿ ಮತ್ತು ಸೆಗಣಿಯ ಕುಳ್ಳು.

ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಸಣ್ಣ ಕಿಡಿಗೆ ಅಷ್ಟು ಕಸುವಿಲ್ಲ. ಮಳೆಯಲ್ಲಿ ಕಿಡಿ ಹಾರಿಸುವುದು ದೊಡ್ಡ ಮಾತಲ್ಲ. ಆ ಕಿಡಿ ಉರಿಯಾಗುವ ತನಕ ಅದನ್ನು ಸಾಕುವ ಒಣ ಪದಾರ್ಥವನ್ನು ಒದಗಿಸುವುದೇ ಕಷ್ಟ.

ಮರ, ಕಲ್ಲು, ಉಕ್ಕು

ಮಸೆದು ಬೆಂಕಿ ಪಡೆಯುವ ಅರಣಿ ವೈದಿಕ ಪರಂಪರೆಯಲ್ಲಿ ಉಳಿದಿದೆ. ಬನ್ನಿಯಲ್ಲಿ ಹುಟ್ಟಿ ಬೆಳೆದ ಅರಳಿಮರದಿಂದ ಅರಣಿ ಮಾಡಬೇಕೆಂಬುದು ಯಜ್ಞಗ್ರಂಥಗಳ ವಿಧಿ. ಇದಕ್ಕೆ ಚೆನ್ನಾಗಿ ಒಣಗಿದ ಮರ ಬೇಕು, ಬಲವಾದ ರಟ್ಟೆ ಬೇಕು. ಮಳೆಯಲ್ಲಿ ನಿಂತ ಕುರಿಗಾಹಿಗೆ ಇದು ದಿನಬಳಕೆಯ ಉಪಾಯವಾಗುವಂಥದ್ದಲ್ಲ.

ಕಲ್ಲಿಗೆ ಬಡಿಯುವ ವಿಧಾನಕ್ಕೆ ಉಕ್ಕು ಬೇಕು. ಹಿರೇಕೆರೂರು ಭಾಗದ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1965ರಲ್ಲಿ ನಡೆಸಿದ ಉತ್ಖನನ, ತುಂಗಭದ್ರೆಯ ಈ ದಂಡೆಯಲ್ಲಿ ಕ್ರಿ.ಪೂ. 1000ದ ಸುಮಾರಿಗೇ ಕಬ್ಬಿಣ ಬಳಕೆಗೆ ಬಂದಿತ್ತೆಂದು ತೋರಿಸಿತು. ಅಂದೇ ಚಕಮಕಿ ಇತ್ತೆಂದು ಇಷ್ಟರಿಂದ ಹೇಳಲಾಗದು. ಬೇಕಾದ ಲೋಹ ಈ ನೆಲದಲ್ಲಿ ಬಹಳ ಹಳೆಯದು ಎಂದಷ್ಟೇ ಹೇಳಬಹುದು. 12ನೆಯ ಶತಮಾನದ ವಚನಗಳಲ್ಲಿ ಮರದೊಳಗೆ ಅಡಗಿದ ಬೆಂಕಿ, ಕಲ್ಲಿನೊಳಗೆ ಅಡಗಿದ ಬೆಂಕಿ ಎರಡೂ ಉಪಮೆಗಳಾಗಿ ಬರುತ್ತವೆ. ಉಪಮೆ ಹಳೆಯ ಶಾಸ್ತ್ರಪರಂಪರೆಯಿಂದ ಬಂದಿರಬಹುದು. ಆದರೂ ಆಡುನುಡಿಯಲ್ಲಿ ದುಡಿಯುವ ಜನರೊಡನೆ ಮಾತಾಡಿದ ಶರಣರು ಕೇಳುವವರಿಗೆ ಗುರುತಿಲ್ಲದ ಅನುಭವವನ್ನು ಮತ್ತೆ ಮತ್ತೆ ಎತ್ತಿಕೊಂಡಿರಲಾರರು.

ಚಕಮಕಿಯ ಕೆಲಸವನ್ನು ಹತ್ತಿರದಿಂದ ನೋಡಬೇಕು. ಎಡಗೈಯಲ್ಲಿ ಚೂಪು ಅಂಚಿನ ಬೆಣಚುಕಲ್ಲು. ಅದರ ಅಂಚಿಗೆ ತಾಗಿದಂತೆ ಹೆಬ್ಬೆರಳಿನಡಿ ಒತ್ತಿಹಿಡಿದ, ಸುಟ್ಟು ಕಪ್ಪಾಗಿಸಿದ ಅರಳೆ. ಬಲಗೈಯಲ್ಲಿ ಹದ ಕೊಟ್ಟ ಉಕ್ಕಿನ ತುಂಡು. ಉಕ್ಕನ್ನು ಮೇಲಿಂದ ಕೆಳಕ್ಕೆ ಸವರಿದಂತೆ ಬಡಿಯುತ್ತಿದ್ದರು. ಕಲ್ಲು ಉಕ್ಕಿಗಿಂತ ಗಟ್ಟಿ. ಹಾಗಾಗಿ ಉಕ್ಕಿನ ಸಣ್ಣ ಚೂರುಗಳು ಹೆರೆದು ಬರುತ್ತವೆ. ಗಾಳಿಗೆ ಸೋಕಿದೊಡನೆ ಉರಿಯುವ ಆ ಚೂರುಗಳೇ ಕಿಡಿ. ಅವುಗಳಲ್ಲಿ ಒಂದು ಅರಳೆಗೆ ಬಿದ್ದರೆ ಕೆಂಪು ಚುಕ್ಕೆ ಹರಡುತ್ತದೆ. ಅದರಲ್ಲಿ ಜ್ವಾಲೆ ಇಲ್ಲ, ಒಳಗೊಳಗೇ ಹಬ್ಬುವ ಬೇಗೆ ಮಾತ್ರ. ದೀಪವನ್ನು ಆರಿಸುವ ಗಾಳಿ ಈ ಬೇಗೆಯನ್ನು ಹೆಚ್ಚಿಸುತ್ತದೆ. ಬಯಲಿನ ಗಾಳಿಯಲ್ಲಿ ಚಕಮಕಿ ಗೆದ್ದದ್ದು ಇದರಿಂದಲೇ.

ಮಳೆಯಲ್ಲಿ ಕಲ್ಲು ನೆನೆದರೆ ಒರೆಸಿಕೊಳ್ಳಬಹುದು, ಅರಳೆ ನೆನೆದರೆ ಆಟ ಮುಗಿಯಿತು. ಆದ್ದರಿಂದ ಅದರ ಜಾಗ ಸಂಚಿಯ ಒಳಪದರ, ಸಂಚಿಯ ಜಾಗ ಕಂಬಳಿಯ ಒಳಗೆ. ಕುರಿಯ ಉಣ್ಣೆಯ ಕಂಬಳಿ ಕುರುಬರಿಗೆ ಹೊದಿಕೆಯೂ ಹೌದು, ಬೆಂಕಿಯ ಸಾಮಾನಿಗೆ ಸೂರೂ ಹೌದು. ಹತ್ತಿ ಬೆಳೆಯುವ ಈ ಸೀಮೆಯಲ್ಲಿ ಅರಳೆಗೆ ಬರವಿರಲಿಲ್ಲ. ಬೂರಲದ ನವಿರಾದ ಅರಳೆಯೂ ಸಿಗುತ್ತಿತ್ತು.

ಕುಳ್ಳು: ಬೆಂಕಿಯ ಕಣಜ

ಕಾಯುವ ವಿದ್ಯೆಯ ಕೇಂದ್ರದಲ್ಲಿರುವುದು ಕುಳ್ಳು. ಇದರ ಬೇರು ಆಳವಾದುದು. ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸೆಗಣಿರಾಶಿಯನ್ನು ಸುಟ್ಟು ಉಂಟಾದವು ಎಂಬುದನ್ನು ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ 1963ರ ತಮ್ಮ ಗ್ರಂಥದಲ್ಲಿ ವಿವರವಾಗಿ ಸ್ಥಾಪಿಸಿದರು. ಆ ದನಗಾಹಿಗಳು ಏಕೆ ಸುಟ್ಟರು ಎಂಬ ಚರ್ಚೆ ಇನ್ನೂ ಇದೆ. ಸೆಗಣಿ ಹೇಗೆ ಉರಿಯುತ್ತದೆಂಬ ತಿಳಿವಳಿಕೆ ಮಾತ್ರ ಈ ಬಯಲಿನಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯದು.

ಕುಳ್ಳು ಧಗಧಗ ಉರಿಯುವುದಿಲ್ಲ, ನಿಧಾನವಾಗಿ ಕನಲುತ್ತದೆ. ಮೇಲೆ ಬೂದಿ ಕೂತಷ್ಟೂ ಒಳಗಿನ ಕೆಂಡಕ್ಕೆ ಗಾಳಿ ಕಡಿಮೆಯಾಗಿ ಅದು ಬೆಳಗಿನ ತನಕ ಉಳಿಯುತ್ತದೆ. ಮನೆಯ ಒಲೆ ಆರಿದರೆ ನೆರೆಮನೆಯಿಂದ ಕುಳ್ಳಿನ ತುಂಡಿನ ಮೇಲೆ ಕೆಂಡ ತರುತ್ತಿದ್ದರು. ಹೊಲಕ್ಕೂ ಬೆಂಕಿ ಹೋಗುತ್ತಿದ್ದುದು ಹೀಗೆಯೇ. ಬೇಸಿಗೆಯಲ್ಲಿ ತಟ್ಟಿ ಒಣಗಿಸಿದ ಕುಳ್ಳನ್ನು ಒಟ್ಟಿ, ಮೇಲೆ ಸೆಗಣಿ ಸಾರಿಸಿ ಮಳೆಗಾಲಕ್ಕೆ ಮುಚ್ಚಿಡುತ್ತಾರೆ. ಮಳೆಯ ದಿನದ ಬೆಂಕಿ ಸಿದ್ಧವಾಗುವುದು ಮಳೆಗೆ ಮೊದಲೇ, ಅದೂ ಹೆಂಗಸರ ಕೈಯಲ್ಲಿ. ಸಾಧನಗಳನ್ನಷ್ಟೇ ಎಣಿಸುವ ಚರಿತ್ರೆಗೆ ಈ ದುಡಿಮೆ ಕಾಣುವುದೇ ಇಲ್ಲ.

ಚಳಿಗಾಲದ ಸೀತನಿ ಇದೇ ವಿದ್ಯೆಯ ಇನ್ನೊಂದು ಮುಖ. ಹಾಲುಗಾಳಿನ ಜೋಳದ ತೆನೆ ಸುಡಲು ಹೊಲದಲ್ಲಿ ತಗ್ಗು ತೋಡಿ, ಗಾಳಿಗೆ ಮರೆಮಾಡಿ, ಕುಳ್ಳಿನ ಕೆಂಡ ಮಾಡುತ್ತಾರೆ. ಉರಿ ಎದ್ದರೆ ತೆನೆ ಸೀಯುತ್ತದೆ. ಕೆಂಡವಾದರೆ ಹದವಾಗಿ ಬೇಯುತ್ತದೆ.

ಕಡ್ಡಿಪೆಟ್ಟಿಗೆಯ ಮಿತಿ

ಜಾನ್ ವಾಕರ್ ಇಂಗ್ಲೆಂಡಿನಲ್ಲಿ 1827ರಲ್ಲಿ ಗೀರುಕಡ್ಡಿ ಮಾರಿದ. ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ 1844ರಲ್ಲಿ ಸುರಕ್ಷಾ ಕಡ್ಡಿಗೆ ಪೇಟೆಂಟ್ ಪಡೆದ. ಅಗಡಿಯ ಆನಂದವನ ಆಶ್ರಮದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟ ಕಾಲಕ್ಕೆ ಭಾರತದ ಪೇಟೆಗಳಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ಸ್ವೀಡನ್, ಜಪಾನಿನಂಥ ಹೊರದೇಶಗಳ ಕಡ್ಡಿಪೆಟ್ಟಿಗೆ. 1923ರಲ್ಲಿ ವಿಮ್ಕೊ ಕಂಪನಿ ಸ್ಥಾಪನೆಯಾಗಿ, ಶಿವಕಾಶಿಯಲ್ಲೂ ತಯಾರಿಕೆ ಬೇರೂರಿದ ಮೇಲೆ ಕಡ್ಡಿಪೆಟ್ಟಿಗೆ ಹಳ್ಳಿಯ ಅಂಗಡಿಯ ಸಾಮಾನಾಯಿತು. 1934ರಲ್ಲಿ ಸರ್ಕಾರ ಅದರ ಮೇಲೆ ಅಬಕಾರಿ ಸುಂಕ ಹಾಕಿದ್ದು ಅದರ ವ್ಯಾಪ್ತಿಗೆ ಸಾಕ್ಷಿ.

ಚಕಮಕಿ ಮೂಲೆ ಸೇರಿತು, ಕುಳ್ಳಿನ ಕೆಂಡ ಸೇರಲಿಲ್ಲ. ಕಡ್ಡಿಯ ಮದ್ದನ್ನು ಹಿಡಿದಿಟ್ಟಿರುವ ಅಂಟು ತೇವ ಹೀರಿದರೆ ಗೀರುವಾಗ ಮದ್ದೇ ಕಿತ್ತುಬರುತ್ತದೆ. ಪೆಟ್ಟಿಗೆಯ ಬದಿಯ ಪಟ್ಟಿಯೂ ಮೆತ್ತಗಾಗುತ್ತದೆ. ಹತ್ತಿದ ಕಡ್ಡಿಯೂ ಗಾಳಿಯಲ್ಲಿ ಕ್ಷಣ ಮಾತ್ರ ಬಾಳುತ್ತದೆ. ಅಷ್ಟರೊಳಗೆ ಹಿಡಿಯುವ ಒಣ ರವದಿ, ಮುರಿದ ಕುಳ್ಳು ಇರಲೇಬೇಕು. ಹೊಸ ಸಾಧನವೂ ಹಳೆಯ ಸಿದ್ಧತೆಯನ್ನೇ ನೆಚ್ಚಿಕೊಂಡಿತು.

ಸಮಾರೋಪ

ಈ ಸೀಮೆಯ ಬೆಂಕಿಯ ಚರಿತ್ರೆಯನ್ನು ಕಿಡಿಯಿಂದ ಕಿಡಿಗೆ ಜಿಗಿಯುತ್ತ ಬರೆಯಲಾಗದು. ಅರಳೆಯನ್ನು ಒಣದಾಗಿಟ್ಟ ಕಂಬಳಿ, ಕುಳ್ಳು ತಟ್ಟಿದ ಕೈ, ಕೆಂಡ ಹಂಚಿಕೊಂಡ ನೆರೆಹೊರೆ ಇವೇ ಅದರ ಮುಂದುವರಿಕೆಯ ಎಳೆಗಳು. ಚಕಮಕಿಯ ಉಕ್ಕು ವಸ್ತುಸಂಗ್ರಹಾಲಯಕ್ಕೆ ಸೇರಬಲ್ಲದು; ಯಾವ ಅರಳೆಯನ್ನು ಹೇಗೆ ಸುಟ್ಟು ಕಪ್ಪಾಗಿಸಬೇಕು, ಕೆಂಡದ ಮೇಲೆ ಎಷ್ಟು ಬೂದಿ ಎಳೆಯಬೇಕು ಎಂಬ ಅರಿವು ಹಿರಿಯರ ಬಳಿ ಮಾತ್ರ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅಡುಗೆ ಅನಿಲ ಮನೆಮನೆಗೂ ಮುಟ್ಟಿರುವ ಈ ಹೊತ್ತಿನಲ್ಲಿ, ಕುರಿಗಾಹಿಗಳಿಂದಲೂ ಹಳ್ಳಿಯ ಹಿರಿಯ ಹೆಂಗಸರಿಂದಲೂ ಈ ಅರಿವನ್ನು ಕೈಚಳಕದ ಸಮೇತ ದಾಖಲಿಸುವುದು ನಮ್ಮ ವಿದ್ವತ್ತು ಈಗಲೇ ಕೈಗೆತ್ತಿಕೊಳ್ಳಬೇಕಾದ ಕೆಲಸ.