ಮುಖಗವಸು ಬಂದ ಬಗೆ

ಪ್ಲೇಗ್ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಇಲಿ. ಮನೆಯಲ್ಲಿ ಇಲಿ ಬಿತ್ತೆಂದರೆ ಊರಿಗೆ ಊರೇ ಖಾಲಿಯಾಗುತ್ತಿತ್ತು. ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಪಿಡುಗು 1898ರಲ್ಲಿ ಬೆಂಗಳೂರಿಗೂ ಕಾಲಿಟ್ಟಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಹಾವಳಿಯ ನಂತರವೇ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂಬುದನ್ನು ಮುಂಬಯಿಯ ಪರೇಲ್‌ನಲ್ಲಿ ನಡೆದ ಪ್ರಯೋಗಗಳು ದೃಢಪಡಿಸಿದವು. ಇದು ಸತ್ಯವೇ. ಆದರೆ ಪೂರ್ಣ ಸತ್ಯವಲ್ಲವೆಂಬುದು ಜಗತ್ತಿಗೆ ತಿಳಿದದ್ದು ಮಂಚೂರಿಯದಲ್ಲಿ.

1910ರ ಚಳಿಗಾಲ. ತುಪ್ಪಳಕ್ಕಾಗಿ ಮಾರ್ಮಟ್ ಎಂಬ ಬಿಲವಾಸಿ ಪ್ರಾಣಿಯನ್ನು ಬೇಟೆಯಾಡುತ್ತಿದ್ದವರಲ್ಲಿ ರೋಗ ಹುಟ್ಟಿ, ರೈಲು ಹಿಡಿದು ಹಾರ್ಬಿನ್ ನಗರಕ್ಕೆ ಬಂತು. ಅಲ್ಲಿದ್ದವರಲ್ಲಿ ಅನೇಕರು ನಮ್ಮಂತೆಯೇ ಹೊಟ್ಟೆಪಾಡಿಗೆ ದೂರದಿಂದ ಬಂದವರು, ಶಾಂಡೊಂಗ್ ಪ್ರಾಂತದ ಕೂಲಿಗಳು. ಹೊಸವರ್ಷದ ಹಬ್ಬಕ್ಕೆ ಊರಿಗೆ ಹೊರಡುವ ಕಾಲ ಅದು. ರೋಗವೂ ಅವರೊಡನೆ ಹೊರಟಿತು.

ಚೀನಾ ಸರ್ಕಾರ ಅಲ್ಲಿಗೆ ಕಳುಹಿಸಿದ್ದು ಡಾ. ವು ಲಿಯೆನ್-ತೆ ಎಂಬ ಮೂವತ್ತೊಂದರ ಯುವಕನನ್ನು. ಪೆನಾಂಗಿನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿದವರು. ಡಿಸೆಂಬರ್ ಕೊನೆಯಲ್ಲಿ ಹಾರ್ಬಿನ್ ತಲುಪಿದ ಅವರು ಸತ್ತ ಹೆಂಗಸೊಬ್ಬಳ ಶವಪರೀಕ್ಷೆ ನಡೆಸಿದರು. ಪ್ಲೇಗಿನ ಕ್ರಿಮಿ ಶ್ವಾಸಕೋಶದಲ್ಲಿ ತುಂಬಿತ್ತು. ಇತ್ತ ಇಲಿಗಳಲ್ಲಿ ರೋಗದ ಸುಳಿವೇ ಇಲ್ಲ! ಹಾಗಾದರೆ ಇದು ಕೆಮ್ಮಿದಾಗ ಸಿಡಿಯುವ ಹನಿಗಳ ಮೂಲಕ ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹರಡುತ್ತಿದೆ ಎಂದು ವು ತೀರ್ಮಾನಿಸಿದರು. ಅದಕ್ಕೆ ಅವರು ಕಂಡುಕೊಂಡ ಉಪಾಯ ತೀರಾ ಸರಳ: ಗಾಜ್ ಬಟ್ಟೆಯ ಪದರಗಳ ನಡುವೆ ದಪ್ಪ ಹತ್ತಿಯನ್ನಿಟ್ಟು, ಬಟ್ಟೆಯ ತುದಿಗಳನ್ನು ಸೀಳಿ, ತಲೆಯ ಹಿಂದೆ ಬಿಗಿಯಾಗಿ ಕಟ್ಟಿಕೊಳ್ಳುವುದು.

ಹತ್ತಿ ಗಾಳಿಯನ್ನು ಸೋಸಬಲ್ಲದೆಂಬುದು ಹೊಸ ವಿಷಯವೇನಲ್ಲ. 1870ರ ಸುಮಾರಿಗೇ ಟಿಂಡಾಲ್ ಎಂಬ ವಿಜ್ಞಾನಿ ಹತ್ತಿ, ಗ್ಲಿಸರಿನ್, ಇದ್ದಿಲು ಸೇರಿಸಿ ಬೆಂಕಿ ಆರಿಸುವವರಿಗೆಂದು ಶ್ವಾಸರಕ್ಷಕ ಮಾಡಿದ್ದ. ಇಲ್ಲೊಂದು ಮಾತು ಹೇಳಬೇಕು. ಇಂಥ ಸೋಸುಪದರವನ್ನು ನಾವು ಹಿಟ್ಟಿನ ಜರಡಿಯಂತೆ ಭಾವಿಸುತ್ತೇವೆ, ಅದು ಸರಿಯಲ್ಲ. ಎಳೆಗಳ ನಡುವಿನ ಸಂದು ಕಣಕ್ಕಿಂತ ಎಷ್ಟೋ ದೊಡ್ಡದು. ದೊಡ್ಡ ಕಣ ಗಾಳಿಯೊಡನೆ ತಿರುಗಲಾರದೆ ಎಳೆಗೆ ಬಡಿಯುತ್ತದೆ. ಅತಿ ಸಣ್ಣದು, ಕಾಲೇಜಿನಲ್ಲಿ ನಾವು ಓದಿದ ಬ್ರೌನ್ ಚಲನೆಯಿಂದ ಅತ್ತಿತ್ತ ಅಲೆಯುತ್ತ ಎಳೆಗೆ ಅಂಟುತ್ತದೆ. ತಪ್ಪಿಸಿಕೊಳ್ಳುವುದು ನಡುವಿನದು, ಸುಮಾರು 0.3 ಮೈಕ್ರಾನಿನ ಕಣ. ಈಗಿನ ಎನ್-95 ಮುಖಗವಸನ್ನು ಪರೀಕ್ಷಿಸುವುದೂ ಆ ಅಳತೆಯ ಕಣಗಳಿಂದಲೇ. ಅದರ ಎಳೆಗಳಿಗೆ ವಿದ್ಯುದಾವೇಶವನ್ನೂ ಕೊಟ್ಟಿರುತ್ತಾರೆ.

ಹಾರ್ಬಿನ್ನಿಗೆ ಮರಳೋಣ. ವು ಅವರ ಮಾತನ್ನು ಒಪ್ಪದವರಲ್ಲಿ ಫ್ರೆಂಚ್ ವೈದ್ಯ ಮೆಸ್ನಿ ಪ್ರಮುಖರು. ವಯಸ್ಸಿನಲ್ಲಿ, ಅನುಭವದಲ್ಲಿ ಹಿರಿಯರು, ಪ್ಲೇಗ್ ಕಂಡವರು. ಕಿರಿಯನೊಬ್ಬನ ಉಪದೇಶ ಅವರಿಗೆ ಹಿಡಿಸಲಿಲ್ಲ. ಮುಖಗವಸಿಲ್ಲದೆ ರಷ್ಯನ್ ಆಸ್ಪತ್ರೆಯ ರೋಗಿಗಳನ್ನು ಪರೀಕ್ಷಿಸಿದರು. 1911ರ ಜನವರಿಯಲ್ಲಿ, ಕೆಲವೇ ದಿನಗಳೊಳಗೆ ತೀರಿಕೊಂಡರು. ಅವರದು ಬರಿಯ ಹಠವೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಅಂದಿನ ಶಾಸ್ತ್ರ ಬಹುಮಟ್ಟಿಗೆ ಅವರ ಪಕ್ಷದಲ್ಲಿತ್ತು. ಆ ಸಾವಿನ ನಂತರ ಮುಖಗವಸು ಬೇಡವೆನ್ನುವವರು ಊರಿನಲ್ಲಿ ಕಡಿಮೆಯಾದರು.

ಮುಖಗವಸೊಂದರಿಂದಲೇ ರೋಗ ನಿಂತಿತೆಂದಲ್ಲ. ಊರನ್ನು ಭಾಗಗಳಾಗಿ ಹಂಚಿ ಸಿಪಾಯಿಗಳ ಕಾವಲು ಹಾಕಿದರು. ರೈಲಿನ ಸರಕು ಡಬ್ಬಿಗಳಲ್ಲಿ ಶಂಕಿತರನ್ನು ಬೇರೆಯಾಗಿಟ್ಟರು. ನೆಲ ಹೆಪ್ಪುಗಟ್ಟಿ ಹೂಳಲಾಗದೆ ಎರಡು ಸಾವಿರಕ್ಕೂ ಹೆಚ್ಚು ಹೆಣಗಳು ಹೊರಗೇ ಬಿದ್ದಿದ್ದವು. ಪೂರ್ವಿಕರನ್ನು ಹೂಳುವುದೇ ಧರ್ಮವೆನ್ನುವ ನಾಡಿನಲ್ಲಿ ಅವನ್ನು ಸುಡಲು ವು ರಾಜಾಜ್ಞೆಯನ್ನೇ ತರಿಸಬೇಕಾಯಿತು. ಜನವರಿ 31ರಂದು, ಹಬ್ಬದ ಮರುದಿನ, ಚಿತೆಗಳು ಉರಿದವು. ಮಾರ್ಚ್ ಮೊದಲ ದಿನ ಹಾರ್ಬಿನ್ನಿನಲ್ಲಿ ಹೊಸ ರೋಗಿಯಿರಲಿಲ್ಲ. ಒಟ್ಟು ಸತ್ತವರು ಸುಮಾರು 60,000.

ಏಪ್ರಿಲ್‌ನಲ್ಲಿ ಮುಕ್ಡೆನ್ ನಗರದಲ್ಲಿ ಹನ್ನೊಂದು ದೇಶಗಳ ತಜ್ಞರ ಸಮ್ಮೇಳನ ಕೂಡಿತು. ಅಧ್ಯಕ್ಷತೆ ವು ಅವರದೇ. 1935ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾದರೂ ಬಹುಮಾನ ಬರಲಿಲ್ಲ. 1937ರಲ್ಲಿ ಜಪಾನಿನ ಆಕ್ರಮಣವಾದಾಗ ಅವರು ಚೀನಾ ಬಿಟ್ಟು ಮಲಯಕ್ಕೆ ಮರಳಿ, ಇಪೊ ಎಂಬ ಊರಿನಲ್ಲಿ ಸಾಮಾನ್ಯ ವೈದ್ಯರಾಗಿ ದವಾಖಾನೆ ನಡೆಸಿದರು. 1960ರಲ್ಲಿ, ಹುಟ್ಟಿದ ಪೆನಾಂಗಿನಲ್ಲೇ ಕಣ್ಣು ಮುಚ್ಚಿದರು.