ಗಟ್ಟಿಯಾಗಲೊಲ್ಲದ ದ್ರವ

ನಾನು ಓದಿದ್ದು ಬಿ.ಎ., ಬಿ.ಎಡ್.; ನನ್ನ ವಿಷಯ ಇತಿಹಾಸ. ವಿಜ್ಞಾನದ ಮೇಷ್ಟ್ರು ದೀರ್ಘ ರಜೆ ಹಾಕಿದ ವರ್ಷ ಅವರ ತರಗತಿಗಳೂ ನನ್ನ ಪಾಲಿಗೆ ಬಂದವು. ಐಸು, ಉಪ್ಪು ಬೆರೆಸಿದ ಪಾತ್ರೆಯಲ್ಲಿ ಪ್ರನಾಳವಿಟ್ಟು ನೀರು ಹೆಪ್ಪುಗಟ್ಟುವ ಉಷ್ಣತೆ ಅಳೆಯುವ ಪ್ರಯೋಗ. ಹುಡುಗಿಯೊಬ್ಬಳು ರೆಕಾರ್ಡ್ ಪುಸ್ತಕದಲ್ಲಿ ‘ಸೊನ್ನೆಗಿಂತ 3 ಡಿಗ್ರಿ ಕೆಳಗೆ, ಇನ್ನೂ ನೀರು’ ಎಂದು ಬರೆದಿದ್ದಳು. “ಟೀಚರ್, ಎರಡು ಸಲ ನೋಡಿದೆ” ಎಂದರೂ ಕೇಳದೆ ಕೆಂಪು ಶಾಯಿಯಲ್ಲಿ ಗೀಟೆಳೆದೆ. ಪಾಠದ ಪುಸ್ತಕದಲ್ಲಿ ಸೊನ್ನೆ ಎಂದಿತ್ತಲ್ಲ!

ತಪ್ಪು ನನ್ನದೇ ಎಂದು ತಿಳಿಯಲು ಬಹಳ ವರ್ಷ ಹಿಡಿಯಿತು. ಉಷ್ಣತಾಮಾಪಕದ ಫ್ಯಾರನ್‌ಹೀಟ್ ಇದನ್ನೇ 1721ರಲ್ಲಿ ಕಂಡು 1724ರಲ್ಲಿ ಪ್ರಕಟಿಸಿದ್ದನಂತೆ. ನೀರಿನ ಮಾತಿರಲಿ, ಲೋಹಗಳೂ ಹೀಗೆ ಹಟ ಹಿಡಿಯುತ್ತವೆ. 1950ರ ಸುಮಾರಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಡೇವಿಡ್ ಟರ್ನ್‌ಬುಲ್ ಕರಗಿದ ಲೋಹವನ್ನು ಸಾಸಿವೆಗಿಂತ ಎಷ್ಟೋ ಸಣ್ಣ ಹನಿಗಳಾಗಿಸಿದರು. ಹಾಲಿಗೆ ಹೆಪ್ಪು ಬೇಕಾದ ಹಾಗೆ, ಸ್ಫಟಿಕ ಮೂಡಲು ಸಾಮಾನ್ಯವಾಗಿ ಒಂದು ಕೊಳೆಕಣವೋ ಪಾತ್ರೆಯ ಗೋಡೆಯೋ ಬೇಕು. ಹನಿಗಳು ಸಾವಿರಾರಾದರೆ ಹೆಚ್ಚಿನವಕ್ಕೆ ಆ ಹೆಪ್ಪು ಸಿಗುವುದೇ ಇಲ್ಲ. ನಿಕ್ಕಲ್ ಹನಿಗಳು ಸುಮಾರು 300 ಡಿಗ್ರಿ ಕೆಳಗಿಳಿದರೂ ದ್ರವವಾಗಿಯೇ ಇದ್ದವು.

ದ್ರವಲೋಹದ ಪರಮಾಣುಗಳು ಸ್ಫಟಿಕದಲ್ಲಿರುವಂತೆಯೇ, ಕೊಂಚ ಸಡಿಲವಾಗಿ ನಿಂತಿರುತ್ತವೆ ಎಂದು ಆಗ ಅನೇಕರು ಎಣಿಸಿದ್ದರು. ಹಾಗಿದ್ದರೆ ಗಟ್ಟಿಯಾಗಲು ಇಷ್ಟೊಂದು ಸತಾಯಿಸುವುದೇಕೆ? 1952ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಚಾರ್ಲ್ಸ್ ಫ್ರಾಂಕ್ ಉತ್ತರ ಸೂಚಿಸಿದರು. ನಡುವೆ ಒಂದು ಪರಮಾಣು, ಸುತ್ತ ಹನ್ನೆರಡು. ಇಪ್ಪತ್ತು ತ್ರಿಕೋನ ಮುಖಗಳ ಗೊಂಚಲು. ಸ್ಫಟಿಕದ ಹದಿಮೂರರ ಗುಂಪಿಗಿಂತ ಇದರ ಶಕ್ತಿ ಶೇ. 8.4ರಷ್ಟು ಕಡಿಮೆ, ಅಂದರೆ ಪರಮಾಣುಗಳಿಗೆ ಇದೇ ಹಿತ. ಆದರೆ ಇದರಲ್ಲಿರುವುದು ಐದರ ಲೆಕ್ಕ. ಸಮನಾದ ಐದು ಮೂಲೆಯ ಕಲ್ಲುಗಳಿಂದ ಸಂದು ಬಿಡದೆ ಅಂಗಳ ಹಾಸಲು ಬಾರದು. ಹಾಗೆಯೇ ಈ ಗೊಂಚಲುಗಳನ್ನು ಪೇರಿಸಿ ಸ್ಫಟಿಕ ಕಟ್ಟಲಾಗದು. ಮೊದಲು ಗೊಂಚಲು ಒಡೆಯಬೇಕು. ತಡವಾಗುವುದು ಅಲ್ಲಿಯೇ.

ಆ ತಡದಲ್ಲೇ ದ್ರವ ಬಿಗಿದುಕೊಂಡರೆ ಅದು ಗಾಜು. 1960ರಲ್ಲಿ ಕ್ಯಾಲ್ಟೆಕ್‌ನ ಪೋಲ್ ಡುವೆ ಮತ್ತು ಸಂಗಡಿಗರು ಚಿನ್ನ, ಸಿಲಿಕಾನ್‌ಗಳ ಮಿಶ್ರಲೋಹವನ್ನು ಸೆಕೆಂಡಿಗೆ ಲಕ್ಷಾಂತರ ಡಿಗ್ರಿಯ ವೇಗದಲ್ಲಿ ತಣಿಸಿ ಲೋಹದ ಗಾಜಿನ ಚೂರು ತೆಗೆದರು. ಚಿನ್ನವನ್ನು ಗಾಜಾಗಿಸುವ ಆಸೆ ನಮ್ಮ ಅಕ್ಕಸಾಲಿಗರಿಗಂತೂ ಬಂದಿರಲಾರದು.

ಫ್ರಾಂಕ್ ಹೇಳಿದ್ದನ್ನು ಕಣ್ಣಾರೆ ಪರೀಕ್ಷಿಸುವುದು ಮಾತ್ರ ಕಷ್ಟ. ಪಾತ್ರೆ ಮುಟ್ಟಿದರೆ ಹೆಪ್ಪು ಸಿಕ್ಕಿಬಿಡುತ್ತದೆ. ಕೊನೆಗೆ ಕೆನೆತ್ ಕೆಲ್ಟನ್ ಅವರ ತಂಡ ಟೈಟಾನಿಯಂ, ಜಿರ್ಕೋನಿಯಂ, ನಿಕ್ಕಲ್‌ಗಳ ಒಂದು ಹನಿಯನ್ನು ವಿದ್ಯುತ್ ಬಲದಿಂದ ಗಾಳಿಯಿಲ್ಲದ ಕೋಣೆಯಲ್ಲಿ ಅಧರದಲ್ಲಿ ನಿಲ್ಲಿಸಿ, ಕ್ಷ-ಕಿರಣ ಹಾಯಿಸಿತು. ತಣಿದಂತೆಲ್ಲ ಗೊಂಚಲಿನ ಕ್ರಮ ಹೆಚ್ಚುತ್ತ ಹೋಯಿತು. ಅದು ಪ್ರಕಟವಾದದ್ದು 2003ರಲ್ಲಿ. ಫ್ರಾಂಕ್ 1998ರಲ್ಲೇ ತೀರಿಕೊಂಡಿದ್ದರು.

ನನ್ನ ವಿದ್ಯಾರ್ಥಿನಿ ಮರುದಿನವೇ ಪುಸ್ತಕ ತಿದ್ದಿ ತಂದಿದ್ದಳು. ಮೂರರ ಜಾಗದಲ್ಲಿ ಸೊನ್ನೆ. ನಾನು ‘ಸರಿ’ ಎಂದು ಗುರುತು ಹಾಕಿ ಸಹಿ ಮಾಡಿದೆ.