ಒಂದು ಉಪಪದದ ವ್ಯಾಜ್ಯ

ಕ್ರಿ. ಶ. ೧೯೬೪ನೆಯ ಸೆಪ್ಟೆಂಬರಿನಲ್ಲಿ ವೆನಿಸ್ ನಗರದ ಚಲಚ್ಚಿತ್ರೋತ್ಸವದಲ್ಲಿ ಪ್ರದರ್ಶಿತವಾದ ಜಾನ್-ಲೂಕ್ ಗೊದಾರನ ಚಿತ್ರಕ್ಕೆ ‘ಲಾ ಫಾಮ್ ಮಾರಿಯೆ’ ಎಂಬ ಹೆಸರಿದ್ದಿತು. ಅದೇ ಡಿಸೆಂಬರಿನಲ್ಲಿ ಪ್ಯಾರಿಸಿನ ಪ್ರೇಕ್ಷಕರು ಕಂಡ ಚಿತ್ರದ ಹೆಸರು ‘ಯೂನ್ ಫಾಮ್ ಮಾರಿಯೆ’. ‘ಲಾ’ ಎಂಬುದು ಸ್ತ್ರೀಲಿಂಗ ನಾಮಪದಕ್ಕೆ ಮೊದಲು ನಿಲ್ಲುವ ನಿಶ್ಚಯಾರ್ಥಕ ಉಪಪದ. ಗೊತ್ತಾದ ಒಬ್ಬಳನ್ನು ಹೇಳುವಂತೆಯೇ ಇಡಿಯ ವರ್ಗವನ್ನೂ ಅದು ಹೇಳಬಲ್ಲುದು. ‘ಯೂನ್’ ಎಂದರೆ ಯಾರೋ ಒಬ್ಬಳು. ಕನ್ನಡದಲ್ಲಿ ‘ವಿವಾಹಿತೆ’ ಎಂದಷ್ಟೇ ಬರೆದರೆ ಎರಡರ್ಥಕ್ಕೂ ಸಲ್ಲುವುದರಿಂದ, ಈ ವ್ಯಾಜ್ಯದ ತಿರುಳು ಭಾಷಾಂತರದಲ್ಲಿ ಜಾರಿಹೋಗುತ್ತದೆ.

ಕಥೆಯೇನೋ ಸಣ್ಣದು. ಷಾರ್ಲತ್ ಎಂಬ ಪ್ಯಾರಿಸಿನ ತರುಣಿಗೆ ವಿಮಾನಚಾಲಕನಾದ ಗಂಡನೂ ನಟನಾದ ಪ್ರಿಯನೂ ಉಂಟು. ಗರ್ಭವತಿಯಾದ ಅವಳಿಗೆ ಶಿಶುವಿನ ತಂದೆ ಯಾರೆಂಬುದು ತಿಳಿಯದು. ೧೯೬೪ರಲ್ಲಿ ತೆಗೆದ ಚಿತ್ರವೊಂದರ ತುಣುಕುಗಳೆಂದೇ ತನ್ನನ್ನು ಕರೆದುಕೊಳ್ಳುವ ಈ ಕೃತಿಯು ಅವಳ ಕೈ, ಭುಜ, ಮುಖಗಳನ್ನು ಬಿಡಿಬಿಡಿಯಾಗಿ ತೋರಿಸಿ, ಸ್ತ್ರೀಯರ ಒಳಉಡುಪಿನ ಜಾಹಿರಾತುಗಳ ನಡುವೆ ಇರಿಸುತ್ತದೆ. ಜಾಹಿರಾತುಗಳು ಮಾತನಾಡುವುದು ‘ಲಾ ಫಾಮ್’ನೊಡನೆ. ಆದುದರಿಂದ ಮೊದಲಿನ ಶಿರೋನಾಮೆಯೇ ಚಿತ್ರಕ್ಕೆ ಹೆಚ್ಚು ಒಪ್ಪುತ್ತಿದ್ದಿತೆನ್ನಬೇಕು.

ಸರ್ಕಾರದ ಪರಿಶೀಲನಾ ಮಂಡಲಿಗೆ ಹಾಗೆ ತೋರಲಿಲ್ಲ. ಪ್ರದರ್ಶನವನ್ನು ನಿಷೇಧಿಸಬೇಕೆಂದು ಅದು ಅಭಿಪ್ರಾಯಪಟ್ಟಿತು. ಕೆಲವು ದೃಶ್ಯಗಳಂತೆಯೇ ಶಿರೋನಾಮೆಯೂ ಅದಕ್ಕೆ ಸಹ್ಯವಾಗಲಿಲ್ಲ. ‘ಲಾ’ ಎಂದೊಡನೆ ವಿವಾಹಿತೆಯರೆಲ್ಲರೂ ಹೀಗೆಯೇ ಎಂದು ಧ್ವನಿಸುವುದೆಂಬುದು ಆಕ್ಷೇಪ. ಆಗ ವಾರ್ತಾಸಚಿವನಾಗಿದ್ದವನು ಆಲೆನ್ ಪೆರ್ಫಿತ್. ಕೆಲವು ಭಾಗಗಳನ್ನು ಕತ್ತರಿಸಿ ಹೆಸರನ್ನು ಮಾರ್ಪಡಿಸಿದ ತರುವಾಯ ಅನುಮತಿ ದೊರೆಯಿತು.

ವ್ಯಾಕರಣದ ದೃಷ್ಟಿಯಿಂದ ಮಂಡಲಿಯ ಓದು ತಪ್ಪೆನ್ನುವಂತಿಲ್ಲ. ಆದರೆ ಅದೇ ಉಪಪದವನ್ನು ರಾಜ್ಯವು ತಾನೂ ಬಳಸಿದ್ದಿತು. ೧೮೧೦ರ ದಂಡಸಂಹಿತೆಯ ೩೩೭ನೆಯ ವಿಧಿಯು ವ್ಯಭಿಚಾರಿಣಿಗೆ ಮೂರು ತಿಂಗಳಿಂದ ಎರಡು ವರ್ಷಗಳವರೆಗೆ ಸೆರೆಯನ್ನು ವಿಧಿಸಿದ್ದಿತು. ಆ ವಿಧಿಯ ಮೊದಲ ಮಾತೇ ‘ಲಾ ಫಾಮ್’. ಹೆಂಡತಿಯನ್ನು ಮರಳಿ ಸ್ವೀಕರಿಸಲೊಪ್ಪಿ ಶಿಕ್ಷೆಯನ್ನು ನಿಲ್ಲಿಸುವ ಅಧಿಕಾರ ಗಂಡನಿಗಿದ್ದಿತು. ಅವನಾದರೋ ಮನೆಯೊಳಗೇ ಉಪಪತ್ನಿಯನ್ನು ಇಟ್ಟುಕೊಂಡು, ಹೆಂಡತಿಯು ದೂರಿತ್ತರೆ ಮಾತ್ರ, ದಂಡ ತೆರಬೇಕಾಗಿದ್ದಿತು. ವ್ಯಭಿಚಾರವನ್ನು ಅಪರಾಧವೆನ್ನುವ ವಿಧಿಗಳು ಚಿತ್ರವು ತೆರೆಕಂಡಾಗ ಇನ್ನೂ ಜಾರಿಯಲ್ಲಿದ್ದುವು. ಹೆಂಡತಿಯ ಉದ್ಯೋಗಕ್ಕೆ ಗಂಡನು ಅಡ್ಡಿಮಾಡುವ ಹಕ್ಕು ೧೯೬೫ರ ಜುಲೈ ತಿಂಗಳಿನ ಶಾಸನದಿಂದ ಅಳಿಯಿತು. ೩೩೭ನೆಯ ವಿಧಿಯು ೧೯೭೫ರವರೆಗೂ ಉಳಿದುಕೊಂಡಿತು. ಅದು ರದ್ದಾದ ಮೇಲೂ ಫ್ರಾನ್ಸಿನಲ್ಲಿ ಚಿತ್ರವು ‘ಯೂನ್’ ಎಂಬ ಉಪಪದದೊಡನೆಯೇ ಪ್ರಸಿದ್ಧವಾಗಿದೆ.